ಹಿಡಿಕೆ ತಿರುವಿದರೆ ಗಾಳಿ: ಮೇಸ್ತ್ರಿ ಕಾಕಾನ ಉತ್ತರಗಳು

ಹಳೇ ಕಾಲದ ಕೈಯಂತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಬೀಜ ಹಸನು ಮಾಡುವ ಯಂತ್ರದ್ದೇ ಜಾಸ್ತಿ. ನನಗೆ ಖುಷಿಯಾಯಿತು. ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕಗಳಲ್ಲಿ ಜರಡಿ, ಫ್ಯಾನು, ಬೆಲ್ಟು ರಿಪೇರಿ ಮಾಡುತ್ತಲೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಕಾಕಾ, ನಮಸ್ಕಾರ. ನಾವು ಹಾವೇರಿ ಕಡೆಯವರು, ಈಗ ಕೆನಡಾದ ಒಂಟಾರಿಯೊದಲ್ಲಿದ್ದೇವೆ. ಇಲ್ಲಿ ಕೊಂಡ ಹಳೇ ತೋಟದ ಮನೆಯ ಕೊಟ್ಟಿಗೆಯಲ್ಲಿ ಎದೆಯೆತ್ತರದ ಒಂದು ಮರದ ಪೆಟ್ಟಿಗೆ ಸಿಕ್ಕಿದೆ. ಪಕ್ಕದಲ್ಲಿ ಕಬ್ಬಿಣದ ಹಿಡಿಕೆ, ಮೇಲೆ ತೆರೆದ ಬಾಯಿ, ಒಳಗೆ ಮರದ ರೆಕ್ಕೆಗಳು. ಮಾಸಿದ ಅಕ್ಷರದಲ್ಲಿ ‘ಚಾಥಮ್’ ಅಂತ ಬರೆದಿದೆ. ಮನೆಯವರು ಇದನ್ನು ಉಜ್ಜಿ ಬಣ್ಣ ಹೊಡೆದು ಹಾಲ್‌ನಲ್ಲಿ ಟೇಬಲ್ ಮಾಡೋಣ ಅಂತಾರೆ. ಮಾಡಬಹುದಾ?

ಉತ್ತರ: ಟೇಬಲ್ ಮಾಡಬೇಡಿ ತಂಗಿ. ನಿಮ್ಮ ಕೊಟ್ಟಿಗೆಯಲ್ಲಿರುವುದು ಕಾಳು ತೂರುವ ಯಂತ್ರ. ಆ ಕಡೆ ಇದಕ್ಕೆ ಫ್ಯಾನಿಂಗ್ ಮಿಲ್ ಅಂತಾರೆ. ಚಾಥಮ್ ಅನ್ನುವುದು ನಿಮ್ಮದೇ ಒಂಟಾರಿಯೊದ ನೈಋತ್ಯಕ್ಕಿರುವ ಊರು. ಅಲ್ಲಿನ ಮ್ಯಾನ್ಸನ್ ಕ್ಯಾಂಪ್‌ಬೆಲ್ ಕಂಪನಿ ಇವನ್ನು ತಯಾರಿಸಿ ಕೆನಡಾಕ್ಕೂ ಅಮೆರಿಕಕ್ಕೂ ಮಾರುತ್ತಿತ್ತು. ರೈತರಿಗೆ ಸಾಲದ ಮೇಲೂ ಕೊಡುತ್ತಿದ್ದರು.

ಮೊದಲು ಅದರ ಒಳಗೆ ಏನಿದೆ ನೋಡಿ. ಮೇಲಿನ ಬಾಯಿ ಹಾಪರ್, ಕಾಳು ಸುರಿಯುವ ಜಾಗ. ಅದರ ಕೆಳಗೆ ಒಂದು ಹಲಗೆ ಇರುತ್ತದೆ. ಅದನ್ನು ಎತ್ತಿ ಇಳಿಸಿ ಕಾಳು ಎಷ್ಟು ಬೀಳಬೇಕು ಅಂತ ಹಿಡಿತ ಮಾಡುತ್ತಾರೆ. ಹಿಡಿಕೆಯನ್ನು ನಿಧಾನಕ್ಕೆ ಒಂದು ಸುತ್ತು ತಿರುವಿ. ದೊಡ್ಡ ಹಲ್ಲುಗಾಲಿ ಚಿಕ್ಕದನ್ನು ತಿರುಗಿಸುತ್ತದೆ. ನಿಮ್ಮ ಕೈ ಒಂದು ಸುತ್ತು ಬರುವಷ್ಟರಲ್ಲಿ ರೆಕ್ಕೆಗಳು ಹಲವು ಸುತ್ತು ಹಾಕಿರುತ್ತವೆ. ಅದೇ ಶಾಫ್ಟಿನಿಂದ ಒಂದು ಸಣ್ಣ ಕಡ್ಡಿ ಹೊರಟು ಜರಡಿಗಳ ಚೌಕಟ್ಟಿಗೆ ಸೇರಿರುತ್ತದೆ. ರೆಕ್ಕೆ ತಿರುಗಿದಂತೆಲ್ಲ ಆ ಕಡ್ಡಿ ಜರಡಿಯನ್ನು ಅತ್ತಿತ್ತ ಕುಲುಕುತ್ತದೆ. ಒಂದೇ ಕೈ, ಎರಡು ಕೆಲಸ. ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಕಡ್ಡಿ.

ಜರಡಿ ಎರಡು ಇರಬೇಕು. ಮೇಲಿನದರ ಕಣ್ಣು ದೊಡ್ಡದು. ಕಾಳು ಕೆಳಗಿಳಿಯುತ್ತದೆ, ಕಡ್ಡಿ, ತೆನೆ ಚೂರು ಮೇಲೆಯೇ ಜಾರಿ ಹೊರಗೆ ಬೀಳುತ್ತವೆ. ಕೆಳಗಿನದರ ಕಣ್ಣು ಸಣ್ಣದು. ಕಾಳು ಅದರ ಮೇಲೆ ನಿಲ್ಲುತ್ತದೆ. ಕಳೆಬೀಜ, ಮಣ್ಣು, ನುಚ್ಚು ಕೆಳಗೆ ಸೋರುತ್ತವೆ. ಇದರ ನಡುವೆಯೇ ಗಾಳಿ ಹೊಡೆದು ಹೊಟ್ಟು, ಜೊಳ್ಳು ಹೊರಗೆ ಹಾರುತ್ತವೆ. ಪಕ್ಕದಲ್ಲಿ ಚೈನಿಗೆ ಸಣ್ಣ ಸಣ್ಣ ಬಟ್ಟಲು ಕಟ್ಟಿದ್ದು ಸಿಕ್ಕರೆ ಅದು ಹಸನಾದ ಕಾಳನ್ನು ಎತ್ತಿ ಚೀಲಕ್ಕೆ ತುಂಬುವ ಭಾಗ. ಬಿಸಾಡಬೇಡಿ. ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ ಬೇರೆ ಬೇರೆ ಕಣ್ಣಿನ ಜರಡಿಗಳಿದ್ದರೆ ಅವನ್ನೂ ಹುಡುಕಿ ಇಟ್ಟುಕೊಳ್ಳಿ. ಯಂತ್ರದ ಅರ್ಧ ಬೆಲೆ ಅವುಗಳಲ್ಲೇ ಇದೆ.

ಉಜ್ಜುವ ಮಾತಂತೂ ಬೇಡವೇ ಬೇಡ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಸ್ಯಾಂಡ್‌ಪೇಪರ್ ಹಾಕಿದರೆ ಆ ಪುಡಿ ಮನೆಯ ಮಕ್ಕಳ ಮೂಗಿಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಬೇರಿಂಗಿನ ಮೇಲೆ ಸಣ್ಣ ತೂತುಗಳಿರುತ್ತವೆ. ಅಲ್ಲಿಗೆ ಹೊಲಿಗೆ ಮಿಷನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ನಿಮ್ಮ ಚಳಿಗೆ ಗಟ್ಟಿಯಾಗುತ್ತದೆ. ಗ್ರೀಸ್ ಕೂಡ ಬೇಡ, ಧೂಳು ಅಂಟಿ ಕೆಸರಾಗುತ್ತದೆ. ಆಮೇಲೆ ನಿಮ್ಮ ತೋಟದ ಬೀನ್ಸ್ ಬೀಜ, ಕೊತ್ತಂಬರಿ ಬೀಜ ಹಾಕಿ ತಿರುಗಿಸಿ ನೋಡಿ. ಮನೆಯವರಿಗೂ ಒಂದು ಸಲ ಹಿಡಿಕೆ ಕೊಡಿ. ಟೇಬಲ್ ಮಾತು ಅವರೇ ಬಿಡುತ್ತಾರೆ.

ಪ್ರಶ್ನೆ: ಮೇಸ್ತ್ರಿಗಳೇ, ಇಂಥ ಯಂತ್ರ ಇಂಗ್ಲಿಷರ ಬುದ್ಧಿಯೋ ಅಮೆರಿಕದವರದ್ದೋ? ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕಿತ್ತು. (ಶಿರಸಿಯಿಂದ ಒಬ್ಬ ಶಿಕ್ಷಕರು)

ಉತ್ತರ: ಇಬ್ಬರದ್ದೂ ಅಲ್ಲ ಮೇಷ್ಟ್ರೇ, ಚೀನಾದವರದ್ದು. ಹಾನ್ ವಂಶದ ಕಾಲದ ಗೋರಿಗಳಲ್ಲಿ ಹಿಡಿಕೆಯಿಂದ ತಿರುಗಿಸುವ ತೂರುವ ಯಂತ್ರದ ಮಣ್ಣಿನ ಮಾದರಿಗಳು ಸಿಕ್ಕಿವೆ. ಅಂದರೆ ಸುಮಾರು 2000 ವರ್ಷದ ಹಿಂದಿನ ಮಾತು. ತಿರುವುವ ಹಿಡಿಕೆಯ ಅತಿ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಯುರೋಪಿನವರು ಅಲ್ಲಿಗೆ ಹಡಗಿನಲ್ಲಿ ಹೋಗಿ ಬರಲು ಶುರುಮಾಡಿದ ಮೇಲೆ, 18ನೇ ಶತಮಾನದ ಆರಂಭದಲ್ಲಿ ಇದು ಆ ಕಡೆ ತಲುಪಿತು. 1710ರಲ್ಲಿ ಜೇಮ್ಸ್ ಮೀಕಲ್ ಅನ್ನುವ ಸ್ಕಾಟ್ಲೆಂಡಿನ ಗಿರಣಿ ಮೇಸ್ತ್ರಿ ಬಾರ್ಲಿ ಗಿರಣಿ ಕಟ್ಟುವುದನ್ನು ಕಲಿಯಲು ಹಾಲೆಂಡಿಗೆ ಹೋದ. ತೂರುವ ಯಂತ್ರದ ವಿದ್ಯೆಯನ್ನೂ ಅಲ್ಲಿಂದ ತಂದ. ಮುಂದೆ ಅವನ ಮಗ ಆಂಡ್ರೂ ಮೀಕಲ್ 1780ರ ದಶಕದಲ್ಲಿ ಒಕ್ಕುವ ಯಂತ್ರ ಮಾಡಿದ.

ಮಕ್ಕಳಿಗೆ ಇದನ್ನೂ ಹೇಳಿ. ಸ್ಕಾಟ್ಲೆಂಡಿನಲ್ಲಿ ಕೆಲವು ಧರ್ಮಭೀರು ಜನ ಇದನ್ನು ದೆವ್ವದ ಗಾಳಿ ಅಂತ ಕರೆದರು. ಗಾಳಿ ದೇವರು ಕೊಡಬೇಕಾದದ್ದು, ಮನುಷ್ಯ ಪೆಟ್ಟಿಗೆಯಲ್ಲಿ ಎಬ್ಬಿಸುವುದು ಪಾಪ ಅನ್ನುವುದು ಅವರ ವಾದ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಗಾಳಿ ಬಂದಾಗ ತೂರಿಕೋ ಅಂತ ನಾವೂ ಹೇಳುತ್ತೇವಲ್ಲ. ಕಣದಲ್ಲಿ ರಾಶಿ ಹಾಕಿಕೊಂಡು, ಮರದ ಎಲೆ ಅಲುಗಾಡುತ್ತದಾ ಅಂತ ನೋಡುತ್ತ ಕೂತವರಿಗೆ ಗೊತ್ತು ಆ ಕಾಯುವಿಕೆ. ಮೋಡ ಕವಿದರೆ ಎದೆ ಡವಡವ. ಅಂಥ ಹೊತ್ತಿನಲ್ಲಿ ಗಾಳಿಯೇ ಕೈಗೆ ಸಿಕ್ಕಿತು ಅಂದರೆ ಎಷ್ಟು ದೊಡ್ಡ ಮಾತು!

ಅಮೆರಿಕದವರು ಮಾಡಿದ್ದು ಇದನ್ನು ಮನೆಮನೆಗೆ ಮುಟ್ಟಿಸಿದ್ದು. ಮೇನ್ ರಾಜ್ಯದ ಹೈರಮ್ ಪಿಟ್ಸ್, ಜಾನ್ ಪಿಟ್ಸ್ ಸಹೋದರರು 1837ರಲ್ಲಿ ಒಕ್ಕುವುದನ್ನೂ ತೂರುವುದನ್ನೂ ಒಂದೇ ಯಂತ್ರಕ್ಕೆ ಸೇರಿಸಿ ಪೇಟೆಂಟ್ ಪಡೆದರು. ಮಿಚಿಗನ್ನಿನ ಸ್ಯಾಗಿನಾದಲ್ಲಿ 1869ರಲ್ಲಿ ಶುರುವಾದ ಫೆರೆಲ್ ಕಂಪನಿಯ ‘ಕ್ಲಿಪ್ಪರ್’ ಯಂತ್ರಗಳು ಇವತ್ತಿಗೂ ತಯಾರಾಗುತ್ತಿವೆ.

ಬುದ್ಧಿವಂತಿಕೆಯೆಲ್ಲ ಹೊರಗಿನಿಂದಲೇ ಬಂತು ಅಂತ ಮಕ್ಕಳು ತಿಳಿಯಬಾರದು. ಅದಕ್ಕೆ ಕೂರಿಗೆಯ ಕಥೆಯನ್ನೂ ಸೇರಿಸಿ. 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆ ನೋಡಿ ಬೆರಗಾದ. ಸಾಲಾಗಿ ಬಿತ್ತುವುದು ಯುರೋಪಿನ ಹೊಸ ವಿದ್ಯೆ ಅಂತ ಅವನು ಅಲ್ಲಿಯವರೆಗೆ ತಿಳಿದಿದ್ದ. ಅದರ ವಿವರವನ್ನು ಬರೆದು ಇಂಗ್ಲೆಂಡಿಗೆ ಕಳಿಸಿದ.

ಪ್ರಶ್ನೆ: ತಿಪಟೂರು ಕಡೆಯಿಂದ. ನಮ್ಮೂರ ಬಡಗಿ ಇಂಥದ್ದೊಂದು ಕೈಯಂತ್ರ ಮಾಡಿಕೊಡುತ್ತೇನೆ ಅಂತಿದ್ದಾನೆ. ರಾಗಿ ಬೀಜಕ್ಕೆ ಯಾವ ಅಳತೆಯ ಜರಡಿ ಹಾಕಿಸಲಿ?

ಉತ್ತರ: ಅಳತೆಯನ್ನು ಯಾರ ಬಾಯಿಂದಲೂ ಕೇಳಬೇಡಿ ತಮ್ಮಾ, ನನ್ನಿಂದಲೂ. ನಿಮ್ಮ ರಾಗಿಯನ್ನೇ ಕೇಳಿ. ತಳಿಯಿಂದ ತಳಿಗೆ, ಮಳೆಯಿಂದ ಮಳೆಗೆ ಕಾಳಿನ ಗಾತ್ರ ಬೇರೆ. ಒಳ್ಳೆಯ ರಾಗಿ ಒಂದು ಸಾವಿರ ಕಾಳು ಎಣಿಸಿ ತೂಗಿದರೂ 3 ಗ್ರಾಂ ಆಸುಪಾಸು. ಅಷ್ಟು ಸಣ್ಣ ಕಾಳಿಗೆ ಜರಡಿಯ ಕಣ್ಣಿನಲ್ಲಿ ಕೂದಲೆಳೆ ವ್ಯತ್ಯಾಸವೂ ದೊಡ್ಡದೇ. ಹಳೇ ಅಮೆರಿಕದ ಯಂತ್ರಗಳಲ್ಲಿ ದುಂಡುಕಣ್ಣಿನ ಜರಡಿಗೆ ಇಂಚಿನ 64ನೇ ಒಂದು ಭಾಗದ ಲೆಕ್ಕ. ಜರಡಿಯ ಮೇಲೆ 12 ಅಂತ ಇದ್ದರೆ ಇಂಚಿನ 64ರಲ್ಲಿ 12 ಭಾಗ, ಅಂದರೆ ಸುಮಾರು 4.8 ಮಿಲಿಮೀಟರ್. ಆ ಲೆಕ್ಕದಲ್ಲಿ ಒಂದು ಅಂಕಿ ಅಂದರೆ ಬರೀ 0.4 ಮಿಲಿಮೀಟರ್. ಅಷ್ಟು ಸೂಕ್ಷ್ಮ ನೋಡುತ್ತಿದ್ದರು.

ಹೀಗೆ ಮಾಡಿ. ಪೇಟೆಯಲ್ಲಿ ತೂತಿನ ತಗಡು ಮಾರುವವರ ಹತ್ತಿರ ಬೇರೆ ಬೇರೆ ಕಣ್ಣಿನ ಅಂಗೈಯಗಲದ ತುಂಡುಗಳನ್ನು ತನ್ನಿ. ಒಂದು ಹಿಡಿ ರಾಗಿಯನ್ನು ಹಸನು ಮಾಡದೆ ಹಾಗೇ ತಗೊಂಡು ಒಂದೊಂದರ ಮೇಲೂ ಆಡಿಸಿ. ರಾಗಿಯೆಲ್ಲ ಸಲೀಸಾಗಿ ಇಳಿದು ಕಸ ಮಾತ್ರ ಉಳಿಯುವುದು ಮೇಲಿನ ಜರಡಿಗೆ. ದಪ್ಪ ಕಾಳು ನಿಂತು, ಸೊರಗಿದ ಕಾಳು ಮತ್ತು ಸಣ್ಣ ಕಳೆಬೀಜ ಸೋರುವುದು ಕೆಳಗಿನದಕ್ಕೆ. ತಿನ್ನುವ ರಾಗಿಗೂ ಬಿತ್ತುವ ರಾಗಿಗೂ ಇಲ್ಲಿ ಭೇದ ಮಾಡಬೇಕು. ಬಿತ್ತನೆಗಾದರೆ ಕೆಳಗಿನ ಜರಡಿಯ ಕಣ್ಣು ಸ್ವಲ್ಪ ದೊಡ್ಡದಿರಲಿ. ಒಂದಿಷ್ಟು ತಿನ್ನುವಂಥ ಕಾಳೂ ಕೆಳಗೆ ಹೋಗುತ್ತದೆ. ಹೋಗಲಿ, ಅದನ್ನು ಹಿಟ್ಟು ಮಾಡಿಸಿ. ಪ್ರಮಾಣಿತ ರಾಗಿ ಬೀಜಕ್ಕೆ 97 ಪರ್ಸೆಂಟ್ ಶುದ್ಧತೆ, 75 ಪರ್ಸೆಂಟ್ ಮೊಳಕೆ ಇರಲೇಬೇಕು ಅಂತ ನಿಯಮ ಇದೆ. ಮನೆಯ ಬೀಜವೂ ಅದಕ್ಕಿಂತ ಕಮ್ಮಿ ಯಾಕೆ ಆಗಬೇಕು?

ಗಾಳಿಯನ್ನು ಕೊನೆಗೆ ಹೊಂದಿಸಿ. ಫ್ಯಾನಿನ ಎರಡೂ ಪಕ್ಕ ಗಾಳಿ ಒಳಗೆ ಹೋಗುವ ಕಂಡಿಗೆ ಮುಚ್ಚುವ ಹಲಗೆ ಮಾಡಿಸಿ. ಮೊದಲು ಪೂರ್ತಿ ಮುಚ್ಚಿ, ಸ್ವಲ್ಪ ಸ್ವಲ್ಪ ತೆಗೆಯುತ್ತ ಬನ್ನಿ. ಹೊಟ್ಟಿನ ಜೊತೆ ನಾಲ್ಕಾರು ಗಟ್ಟಿಕಾಳು ಹಾರಲು ಶುರುವಾದ ಕೂಡಲೇ ಒಂದು ಚೂರು ಹಿಂದಕ್ಕೆ ಮುಚ್ಚಿ. ಅದೇ ಜಾಗ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡಿ. ತಿರುಗಿಸುವ ಕೈ ಒಂದೇ ಹದದಲ್ಲಿರಬೇಕು. ಮಾತಾಡುತ್ತ ಜೋರು, ನಿಧಾನ ಮಾಡಿದರೆ ಗುರುತಿಗೆ ಅರ್ಥವಿಲ್ಲ.

ಪ್ರಶ್ನೆ: ಕಾಕಾ, ಹುನಗುಂದ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆ ಮೊರದ ಮುಂದೆ ಯಾವ ಯಂತ್ರವೂ ಇಲ್ಲ ಅಂತಾರೆ. ನಾನು ಯಂತ್ರ ತರೋಣ ಅಂತೇನೆ. ಯಾರ ಮಾತು ಸರಿ?

ಉತ್ತರ: ಕಲ್ಲಿನ ವಿಷಯದಲ್ಲಿ ನಿಮ್ಮ ಅತ್ತೆಯ ಮಾತೇ ಸರಿ ತಂಗಿ. ಇದನ್ನು ಅವರಿಗೆ ಓದಿ ಹೇಳಿ.

ತೂರುವ ಯಂತ್ರಕ್ಕೆ ಗೊತ್ತಿರುವುದು ಎರಡೇ. ಕಾಳಿಗಿಂತ ದೊಡ್ಡದು ಅಥವಾ ಸಣ್ಣದು ಯಾವುದು ಅಂತ ಜರಡಿ ಹೇಳುತ್ತದೆ. ಹಗುರ ಯಾವುದು ಅಂತ ಗಾಳಿ ಹೇಳುತ್ತದೆ. ಜೋಳದ ಕಾಳಿನಷ್ಟೇ ದಪ್ಪದ ಒಂದು ಹರಳು ಬಂದರೆ? ಜರಡಿಯಲ್ಲಿ ಕಾಳಿನ ಜೊತೆಯೇ ಇಳಿಯುತ್ತದೆ. ಗಾಳಿಗೆ ಹಾರುವುದಿಲ್ಲ. ನೇರ ಚೀಲಕ್ಕೆ, ಅಲ್ಲಿಂದ ಹಲ್ಲಿನ ಕೆಳಗೆ.

ಅತ್ತೆ ಮೊರ ಹಿಡಿದಾಗ ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ನೋಡಿ. ಮೊದಲು ಮೇಲಕ್ಕೆ ಚಿಮ್ಮಿಸಿ ಕೇರುತ್ತಾರೆ, ಹೊಟ್ಟು ಮುಂದಕ್ಕೆ ಹಾರುತ್ತದೆ. ಆಮೇಲೆ ಮೊರವನ್ನು ಒಂಚೂರು ವಾಲಿಸಿ ಸಣ್ಣಗೆ ಕುಲುಕುತ್ತಾರೆ. ಭಾರದ ಹರಳು ತಳಕ್ಕೆ ಇಳಿದು ಒಂದು ಕಡೆ ಸರಿಯುತ್ತದೆ. ಹಗುರದ ಕಾಳು ಮೇಲೆ ತೇಲಿ ಇನ್ನೊಂದು ಕಡೆ ಹೋಗುತ್ತದೆ. ರಾಣೆಬೆನ್ನೂರಿನ ದೊಡ್ಡ ಘಟಕಗಳಲ್ಲಿ ಗ್ರ್ಯಾವಿಟಿ ಟೇಬಲ್ ಅಂತ ಒಂದು ಯಂತ್ರ ಇರುತ್ತದೆ. ಓರೆಯಾಗಿ ಕೂರಿಸಿದ ಹಲಗೆ, ಅದರ ತಳದ ಸಣ್ಣ ಕಣ್ಣುಗಳಿಂದ ಗಾಳಿ, ಜೊತೆಗೆ ಬಿಡದ ನಡುಕ. ಒಂದೇ ಗಾತ್ರದ ಕಾಳುಗಳಲ್ಲಿ ಹಗುರದ್ದನ್ನೂ ಭಾರದ್ದನ್ನೂ ಅದು ಬೇರೆ ಮಾಡುತ್ತದೆ. ಅದರ ಓರೆ ಹೊಂದಿಸಲು ಇಂಜಿನಿಯರುಗಳು ಬೆವರು ಸುರಿಸುತ್ತಿದ್ದರು. ನಾನೂ ಸ್ಪ್ಯಾನರ್ ಹಿಡಿದು ಅವರ ಪಕ್ಕದಲ್ಲೇ ಇರುತ್ತಿದ್ದೆ. ಮಾಡುತ್ತಿದ್ದದ್ದು ಮೊರದ ಕೆಲಸವೇ. ಆ ವಿದ್ಯೆ ಇರುವ ಹೆಂಗಸರಿಗೆ ನಮ್ಮ ಊರುಗಳಲ್ಲಿ ಕೊಡಬೇಕಾದ ಮರ್ಯಾದೆ ಕೊಟ್ಟಿಲ್ಲ ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಆದರೆ ಚೀಲಗಟ್ಟಲೆ ಜೋಳ ಇದ್ದರೆ ಅವರ ಸೊಂಟ, ಭುಜ ಏನಾಗಬೇಕು? ಚೀಲಗಳಿಗೆ ಯಂತ್ರ ತನ್ನಿ. ಬೀಜಕ್ಕೆ ಎತ್ತಿಡುವ ಕಾಳನ್ನು ಯಂತ್ರದಿಂದ ಬಂದ ಮೇಲೆ ಅತ್ತೆಯ ಮೊರಕ್ಕೆ ಕೊಡಿ. ನೀವೂ ಕಲಿತುಕೊಳ್ಳಿ.

ಪ್ರಶ್ನೆ: ಸಿಂಧನೂರು. ಭತ್ತದ ಬೀಜಕ್ಕೆ ಯಂತ್ರವೇ ಬೇಕಾ?

ಉತ್ತರ: ಬೇಡ. ಬಕೆಟ್ ನೀರು, ಉಪ್ಪು, ಒಂದು ತಾಜಾ ಕೋಳಿಮೊಟ್ಟೆ ಸಾಕು. ಮೊಟ್ಟೆ ತೇಲಿ ಅದರ ನೆತ್ತಿ ಸ್ವಲ್ಪ ಕಾಣುವವರೆಗೆ ಉಪ್ಪು ಕರಗಿಸಿ. ಮೊಟ್ಟೆ ತೆಗೆದು ಭತ್ತ ಹಾಕಿ. ತೇಲಿದ್ದು ಜೊಳ್ಳು, ಮುಳುಗಿದ್ದು ಬೀಜ. ಮುಳುಗಿದ್ದನ್ನು ಕೂಡಲೇ ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಜಪಾನಿನ ಯೊಕೊಯ್ ಎಂಬ ಕೃಷಿ ವಿಜ್ಞಾನಿ 1882ರಲ್ಲಿ ಈ ಉಪ್ಪುನೀರಿನ ಪದ್ಧತಿ ರೂಪಿಸಿದರು.

ಪ್ರಶ್ನೆ: ಬೀದರ್ ಜಿಲ್ಲೆಯಿಂದ. ಸೋಯಾ ಬೀಜದಲ್ಲಿ ಒಡಕು ಜಾಸ್ತಿ. ಕರೆಂಟ್ ಇಲ್ಲದೆ ಬೇರೆ ಮಾಡುವ ಹಳೇ ಉಪಾಯ ಇದೆಯಾ?

ಉತ್ತರ: ಇದೆ, ಅದಕ್ಕೆ ಹಿಡಿಕೆಯೂ ಬೇಡ. ಸ್ಪೈರಲ್ ಸೆಪರೇಟರ್ ಅಂತಾರೆ. ನಡುವೆ ನಿಲುವುಗಂಬ, ಅದರ ಸುತ್ತ ತಗಡನ್ನು ಜಾರುಬಂಡಿಯಂತೆ ಸುರುಳಿಯಾಗಿ ಇಳಿಸಿರುತ್ತಾರೆ. ಮೇಲಿನಿಂದ ಸೋಯಾ ಸುರಿದರೆ ದುಂಡು ಕಾಳು ಉರುಳುತ್ತ ವೇಗ ಹಿಡಿದು ಅಂಚಿನಿಂದಾಚೆ ಹಾರಿ ಹೊರಗಿನ ಸುರುಳಿಗೆ ಬೀಳುತ್ತದೆ. ಒಡಕು, ಚಪ್ಪಟೆ ಕಾಳು, ಮಣ್ಣಿನ ಚೂರು ಉರುಳಲಾರವು. ನಿಧಾನಕ್ಕೆ ಒಳಗಡೆಯೇ ಜಾರಿ ಇಳಿಯುತ್ತವೆ. ಒಂದು ಎಚ್ಚರಿಕೆ: ಕಾಳನ್ನು ತೆಳ್ಳಗೆ, ಒಂದೇ ಸಮ ಸುರಿಯಬೇಕು. ದಬದಬ ಸುರಿದರೆ ಒಂದಕ್ಕೊಂದು ಡಿಕ್ಕಿ ಹೊಡೆದು ಎಲ್ಲ ಕಲೆಯುತ್ತವೆ.

ಇದೇ ಜಾತಿಯ ಇನ್ನೊಂದು ಉಪಾಯ ಹೇಳಿಬಿಡುತ್ತೇನೆ. ಕುದುರೆ ಮಸಾಲೆ ಮೇವಿನ ಬೀಜದಲ್ಲಿ ಕಸ್ಕ್ಯೂಟಾ ಅನ್ನುವ ಪರಾವಲಂಬಿ ಬಳ್ಳಿಯ ಬೀಜ ಸೇರಿಕೊಳ್ಳುತ್ತದೆ. ಗಾತ್ರವೂ ತೂಕವೂ ಹೆಚ್ಚುಕಮ್ಮಿ ಒಂದೇ, ಜರಡಿಗೂ ಗಾಳಿಗೂ ಸಿಗುವುದಿಲ್ಲ. ಆದರೆ ಅದರ ಮೈ ಒರಟು. ಅದಕ್ಕೆ ಮಖಮಲ್ ಬಟ್ಟೆ ಸುತ್ತಿದ ಎರಡು ರೋಲರುಗಳನ್ನು ಪಕ್ಕಪಕ್ಕ ಓರೆಯಾಗಿಟ್ಟು ತಿರುಗಿಸಿದರು. ನುಣುಪು ಬೀಜ ನಡುವಿನ ಸಂದಿಯಲ್ಲಿ ಜಾರಿ ಇಳಿಯಿತು. ಒರಟು ಬೀಜ ಮಖಮಲ್ಲಿಗೆ ಸಿಕ್ಕಿ ಪಕ್ಕಕ್ಕೆ ಎಸೆಯಲ್ಪಟ್ಟಿತು. ಬೀಜದ ಚರ್ಮವನ್ನು ಬೆರಳಲ್ಲಿ ಉಜ್ಜಿ ನೋಡಿದವನಿಗೆ ಮಾತ್ರ ಹೊಳೆಯುವ ಬುದ್ಧಿ ಇದು, ಅಲ್ವಾ?

ಪ್ರಶ್ನೆ: ನಮ್ಮ ಅಜ್ಜನ ಕಾಲದ ತೂರುವ ಫ್ಯಾನಿಗೆ ಮೋಟರ್ ಕೂರಿಸಲಾ? (ಗದಗ)

ಉತ್ತರ: ಕೈಯಲ್ಲಿ ಆಗುವಷ್ಟು ಕೆಲಸ ಇದ್ದರೆ ಬೇಡ. ಜರಡಿಯ ಕಣ್ಣು ಕಟ್ಟಿಕೊಂಡರೆ, ಒಳಗೆ ಕಡ್ಡಿ ಸಿಕ್ಕಿಕೊಂಡರೆ ಹಿಡಿಕೆ ಬಿಗಿಯಾಗಿ ಕೈಗೆ ತಕ್ಷಣ ಗೊತ್ತಾಗುತ್ತದೆ. ಮೋಟರಿಗೆ ಗೊತ್ತಾಗುವುದಿಲ್ಲ, ಮುರಿಯುತ್ತದೆ. ಕೂರಿಸಲೇಬೇಕಾದರೆ ಲೆಕ್ಕ ಹಾಕಿ ಕೂರಿಸಿ. ಸಾಮಾನ್ಯ ಮೋಟರ್ ನಿಮಿಷಕ್ಕೆ 1440 ಸುತ್ತಿನ ಹತ್ತಿರ ಓಡುತ್ತದೆ. ನೇರ ಜೋಡಿಸಿದರೆ ಮರದ ರೆಕ್ಕೆ ಚೂರಾಗುತ್ತದೆ. ಅಜ್ಜ ತಿರುಗಿಸುತ್ತಿದ್ದ ಹದದಲ್ಲಿ ನೀವೇ ತಿರುಗಿಸಿ, ನಿಮಿಷಕ್ಕೆ ಹಿಡಿಕೆ ಎಷ್ಟು ಸುತ್ತು ಬಂತು ಎಣಿಸಿಕೊಳ್ಳಿ. ನಡುವೆ ಇನ್ನೊಂದು ಶಾಫ್ಟ್ ಕೊಟ್ಟು, ಪುಲ್ಲಿಗಳಿಂದ ವೇಗವನ್ನು ಅಷ್ಟಕ್ಕೇ ಇಳಿಸಿ. ಹಿಡಿಕೆಯನ್ನು ಬಿಚ್ಚಿಡಿ, ಇಲ್ಲದಿದ್ದರೆ ತಿರುಗುವಾಗ ಹೊಡೆಯುತ್ತದೆ. ಬೆಲ್ಟು ಸ್ವಲ್ಪ ಸಡಿಲವೇ ಇರಲಿ, ಒಳಗೇನಾದರೂ ಸಿಕ್ಕಿಕೊಂಡರೆ ಜಾರಲಿ. ಹಲ್ಲುಗಾಲಿಗಳಿಗೆ ತಂತಿ ಬಲೆಯ ಮುಚ್ಚಳ ಮಾಡಿಸದೆ ಸ್ವಿಚ್ ಹಾಕಬೇಡಿ. ಸೀರೆ ಸೆರಗು, ಪಂಚೆ ಅಂಚು, ಮಕ್ಕಳ ಬೆರಳು ಎಲ್ಲ ಸರಿಯಾಗಿ ಆ ಎತ್ತರಕ್ಕೇ ಬರುತ್ತವೆ.