ಮೀಟರ್‌ನಲ್ಲಿ 268, ಪುಸ್ತಕದಲ್ಲಿ 130: ಮಗಳು ಯಾಕೆ ಹಾಗೆ ಬರೆದಳು?

ಪ್ರಶ್ನೆ: ನಮ್ಮ ಮಗಳಿಗೆ 9 ವರ್ಷ. ಎರಡು ವರ್ಷದ ಹಿಂದೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ನಿದ್ದೆಯಲ್ಲೇ ಶುಗರ್ ಇಳಿದುಬಿಟ್ಟರೆ ಅನ್ನೋ ಭಯಕ್ಕೆ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಅವಳ ಬೆರಳು ಚುಚ್ಚಿ ನೋಡುತ್ತೇನೆ. ಹಗಲೆಲ್ಲಾ ಸಿಡಿಮಿಡಿ, ಸುಮ್ನೆ ಅಳು ಬರುತ್ತೆ. ಬಸುರಿಯಲ್ಲಿ ಸಿಹಿ ತಿಂದಿದ್ದಕ್ಕೇ ಹೀಗಾಯಿತು ಅಂತಾರೆ ಅತ್ತೆ. ಮೊನ್ನೆ ಶುಗರ್ ಮೀಟರ್‌ನಲ್ಲಿ 268 ಇತ್ತು, ಮಗಳು ಶುಗರ್ ಬರೆದಿಡುವ ಪುಸ್ತಕದಲ್ಲಿ 130 ಅಂತ ಬರೆದಿದ್ದಳು. ಅವಳನ್ನು ಹೇಗೆ ತಿದ್ದಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಅತ್ತೆಯವರ ಮಾತನ್ನು ತಲೆಯಿಂದ ತೆಗೆದುಹಾಕಿ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ನೀವು ತಿಂದ ಹೋಳಿಗೆಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಆ 130. ಇದು ಈ ಮಕ್ಕಳಲ್ಲಿ ಅಪರೂಪವೇನಲ್ಲ. 268 ಕಂಡರೆ ಅಮ್ಮನ ಮುಖ ಹೇಗಾಗುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. 130 ಬರೆದರೆ ಆ ಹೊತ್ತು ಮನೆ ತಣ್ಣಗಿರುತ್ತೆ, ಅಲ್ವಾ? ಆದರೆ ಡಾಕ್ಟರ್ ಡೋಸ್ ಬದಲಿಸುವುದು ಆ ಪುಸ್ತಕ ನೋಡಿ. ಅಪಾಯ ಇರುವುದು ಅಲ್ಲಿ. ಹಾಗಾಗಿ ತಿದ್ದುವ ಕೆಲಸ ಅವಳಿಂದ ಶುರುವಾಗುವುದು ಬೇಡ. ಮೀಟರ್ ನೋಡಿದ ತಕ್ಷಣ 'ಏನು ತಿಂದೆ?' ಅನ್ನುವುದನ್ನು ಬಿಡಿ. 'ಸರಿ, ಈಗ ಏನು ಮಾಡೋಣ?' ಅನ್ನಿ. ಕದ್ದು ತಿಂದರೆ ಮಾತ್ರ ಶುಗರ್ ಏರುತ್ತೆ ಅಂತೇನಿಲ್ಲ. ಜ್ವರ, ಪರೀಕ್ಷೆಯ ಹೆದರಿಕೆ, ಬಿಸಿಲಿಗೆ ಕೆಟ್ಟ ಇನ್ಸುಲಿನ್, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಕಟ್ಟಿದ ಗಂಟು, ಇವೆಲ್ಲಾ ಏರಿಸುತ್ತವೆ. ಇವತ್ತೇ ಅವಳ ಹೊಟ್ಟೆ, ತೊಡೆ ಮುಟ್ಟಿ ನೋಡಿ. ಗಂಟು ಸಿಕ್ಕರೆ ಡಾಕ್ಟರಿಗೆ ಹೇಳಿ. ಕೆಲವು ಸಲ ಕಾರಣ ಸಿಗುವುದೇ ಇಲ್ಲ.

ನೀವು ಕೇಳಿದ್ದು ಮಗಳ ಬಗ್ಗೆ. ನನಗೆ ಜಾಸ್ತಿ ಚಿಂತೆ ನಿಮ್ಮದು. ಅಪ್ಪ ಅಮ್ಮನ ಖಿನ್ನತೆ, ಆತಂಕ ಹೆಚ್ಚಿರುವ ಮನೆಗಳಲ್ಲಿ ಮಕ್ಕಳ ಶುಗರ್ ಹತೋಟಿಯೂ ಅವರ ಮನಸ್ಸೂ ಏರುಪೇರಾಗುವುದನ್ನು ಹಲವು ಅಧ್ಯಯನಗಳು ಕಂಡಿವೆ. ಇದನ್ನು ಇನ್ನೊಂದು ಅಪವಾದ ಅಂತ ತಗೋಬೇಡಿ. ನಿಮ್ಮ ನಿದ್ದೆಯೂ ಅವಳ ಚಿಕಿತ್ಸೆಯಲ್ಲೇ ಸೇರಿದೆ ಅಂತ ಹೇಳಿದೆ, ಅಷ್ಟೇ.

ರಾತ್ರಿ ಮೂರು ಸಲ ಏಳುವುದು ನಿಜವಾಗಿ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಪದೇಪದೇ 70ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಬದಲಾಗಬೇಕಿರುವುದು ಇನ್ಸುಲಿನ್ ಡೋಸ್. ನೀವು ಕಾವಲು ಕೂತರೆ ಅದು ಸರಿಹೋಗುವುದಿಲ್ಲ. ತುಂಬಾ ಆಡಿ ಬಂದ ದಿನ, ಹುಷಾರಿಲ್ಲದ ದಿನ, ಡೋಸ್ ಬದಲಿಸಿದ ದಿನ ನೋಡಲೇಬೇಕು. ಓಡಾಟದ ಪರಿಣಾಮ ಎಷ್ಟೋ ಗಂಟೆ ಬಿಟ್ಟು ರಾತ್ರಿ ಕಾಣಿಸಬಹುದು. ತೋಳಿಗೆ ಅಂಟಿಸುವ ಸೆನ್ಸರ್ ಇದೆ, ಶುಗರ್ ಇಳಿದರೆ ಅಲಾರಂ ಹೊಡೆಯುತ್ತೆ. ದುಬಾರಿ, ಎಲ್ಲರ ಕೈಗೆಟುಕುವುದಿಲ್ಲ.

ಯಜಮಾನರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅವರಿಗೆ ಚುಚ್ಚಲು ಬರುತ್ತಾ? ಬರದಿದ್ದರೆ ಈ ಭಾನುವಾರವೇ ಕಲಿಸಿ. ಶುಗರ್ ಇಳಿದಾಗ ಎಷ್ಟು ಗ್ಲೂಕೋಸ್ ಕೊಡಬೇಕು ಅಂತ ಡಾಕ್ಟರಿಂದ ಬರೆಸಿಕೊಂಡು, '15 ನಿಮಿಷ ಬಿಟ್ಟು ಮತ್ತೆ ನೋಡಿ' ಅಂತ ಸೇರಿಸಿ ಫ್ರಿಜ್ ಮೇಲೆ ಅಂಟಿಸಿ. ವಾರದಲ್ಲಿ ಮೂರು ರಾತ್ರಿ ಅವರ ಪಾಳಿ. ಆ ರಾತ್ರಿಗಳಲ್ಲಿ ನೀವು ಬೇರೆ ಕೋಣೆಯಲ್ಲಿ ಮಲಗಿ.

ಅವಕಾಶ ಸಿಕ್ಕಿಯೂ ನಿದ್ದೆ ಬರುತ್ತಿಲ್ಲ, ಅಳು ಎರಡು ವಾರ ದಾಟಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದರೆ ಮನೋವೈದ್ಯರನ್ನು ನೋಡಿ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯಲೇಬೇಡಿ, ಮನೆಯವರಿಗೆ ಹೇಳಿ, ಅವತ್ತೇ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಚೆಕಪ್‌ಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಸಿಹಿಯ ಮಾತನ್ನು ಅವರು ಡಾಕ್ಟರ ಎದುರಿಗೇ ಕೇಳಲಿ. ಯಾರೋ ಹೇಳಿದ ನಾಟಿ ಔಷಧಿ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಅಪಾಯ ಅನ್ನುವುದನ್ನೂ ಡಾಕ್ಟರ ಬಾಯಿಂದಲೇ ಹೇಳಿಸಿ.