ಕ್ರಿಸ್‌ಮಸ್ ದಾನ: ಯಾರ ಕೈಗೆ ಕೊಡುವುದು?

ಓದುಗರೊಬ್ಬರ ಪತ್ರದ ಸಾರ: “ಕಳೆದ ಡಿಸೆಂಬರ್‌ನಲ್ಲಿ ಒಬ್ಬಳು ಫೋನ್ ಮಾಡಿ, ಮಗುವಿನ ಹೃದಯದ ಆಪರೇಷನ್‌ಗೆ ಸಹಾಯ ಕೇಳಿದಳು. ಕ್ರಿಸ್‌ಮಸ್ ಹತ್ತಿರವಿತ್ತು, ಮನಸ್ಸು ಕರಗಿತು, ಒಂದು ತಿಂಗಳ ಪಿಂಚಣಿಯ ಕಾಲುಭಾಗ ಕಳಿಸಿದೆ. ರಸೀದಿ ಬರಲೇ ಇಲ್ಲ, ಈಗ ಆ ನಂಬರೂ ಇಲ್ಲ. ನೋಂದಣಿ ಸಂಖ್ಯೆ ಕೂಡ ಹೇಳಿದ್ದಳು! ಈ ವರ್ಷ ಮತ್ತೆ ಮೂರು ಮನವಿ ಬಂದಿವೆ, ಪ್ರತಿ ಲಗತ್ತಿಸಿದ್ದೇನೆ. ಕೊಡುವ ಆಸೆಯಿದೆ, ಧೈರ್ಯವಿಲ್ಲ. ನಂಬಬಹುದಾದ ಒಂದೇ ಒಂದು ಸಂಸ್ಥೆಯ ಹೆಸರು ಹೇಳಿ. ನನ್ನಂಥ ದಡ್ಡಿಯ ಹೆಸರು ಮಾತ್ರ ಹಾಕಬೇಡಿ.”

ಸಂಪಾದಕರ ಉತ್ತರ:

ನಿಮ್ಮ ಹೆಸರು ಹಾಕಿಲ್ಲ. ಆದರೆ ‘ದಡ್ಡಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ರಿಸ್‌ಮಸ್ ವಾರದಲ್ಲಿ ಎಲ್ಲರ ಮನಸ್ಸೂ ಮೆತ್ತಗಿರುತ್ತದೆ. ವರ್ಷ ಮುಗಿಯುವುದರೊಳಗೆ ಯಾರಿಗಾದರೂ ಏನಾದರೂ ಕೊಟ್ಟುಬಿಡೋಣ ಎಂಬ ಅವಸರವೂ ಇರುತ್ತದೆ. ನಿಮಗೆ ಕರೆ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ತಡವಾಗಿದ್ದರೂ ಬ್ಯಾಂಕಿಗೂ ಪೊಲೀಸರಿಗೂ ಒಂದು ದೂರು ಕೊಡಿ. ಹಣ ವಾಪಸು ಬಾರದೇ ಹೋಗಬಹುದು, ಆದರೆ ಅದೇ ಖಾತೆಗೆ ಇನ್ನೊಬ್ಬರು ಹಾಕುವುದಾದರೂ ತಪ್ಪೀತು.

ನೋಂದಣಿ ಸಂಖ್ಯೆ ಇದ್ದೂ ಹೀಗಾಯಿತಲ್ಲ ಎಂದು ಕೇಳಿದ್ದೀರಿ. ಮೊದಲನೆಯದಾಗಿ, ಯಾರದೋ ಸಂಖ್ಯೆಯನ್ನು ಯಾರು ಬೇಕಾದರೂ ಫೋನಿನಲ್ಲಿ ಓದಿ ಹೇಳಬಹುದು. ಆ ಸಂಖ್ಯೆ ಯಾವ ಹೆಸರಿನಲ್ಲಿದೆ, ಹಣ ಹೋಗುವ ಖಾತೆಯೂ ಅದೇ ಹೆಸರಿನದೇ ಎಂದು ನಾವೇ ನೋಡಿಕೊಳ್ಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸೇವಾ ಸಂಸ್ಥೆಗಳನ್ನು ನೋಂದಾಯಿಸುವ ಚಾರಿಟಿ ಕಮಿಷನ್ನಿನ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಮೆರಿಕದಲ್ಲಿ ಇಂಥ ಬಹುತೇಕ ಸಂಸ್ಥೆಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ‘ಫಾರ್ಮ್ 990’ ಸಾರ್ವಜನಿಕ ದಾಖಲೆ. ಎರಡನೆಯದಾಗಿ, ನೋಂದಣಿ ನಿಜವೇ ಆಗಿದ್ದರೂ ಸಂಸ್ಥೆ ಇದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಅಲ್ಲಿನ 50 ರಾಜ್ಯಗಳೂ ಒಟ್ಟಾಗಿ, ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ ಹಣ ಎತ್ತುತ್ತಿದ್ದ ನಾಲ್ಕು ಸಂಸ್ಥೆಗಳ ಮೇಲೆ ದಾವೆ ಹೂಡಿದವು. ಆ ನಾಲ್ಕೂ ಸಂಸ್ಥೆಗಳು ಎಷ್ಟೋ ವರ್ಷಗಳಿಂದ ರಾಜಾರೋಷವಾಗಿ ನಡೆಯುತ್ತಿದ್ದಂಥವೇ. 2008ರಿಂದ 2012ರವರೆಗೆ ಅವು ಎತ್ತಿದ್ದು 18.7 ಕೋಟಿ ಡಾಲರ್. ಅದರಲ್ಲಿ ಬಹುಪಾಲು ನಡೆಸುವವರಿಗೆ, ಅವರ ನೆಂಟರಿಷ್ಟರಿಗೆ ಮತ್ತು ಹಣ ಎತ್ತಿಕೊಡುವ ಏಜೆನ್ಸಿಗಳಿಗೆ ಹೋಯಿತು ಎಂಬುದು ಆರೋಪ. ಕಾರು, ವಿಲಾಸಿ ಹಡಗಿನ ಪ್ರವಾಸ, ಮಕ್ಕಳ ಕಾಲೇಜು ಫೀಸು, ಜಿಮ್ಮಿನ ಸದಸ್ಯತ್ವ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮರುವರ್ಷದ ಹೊತ್ತಿಗೆ ನಾಲ್ಕನ್ನೂ ಮುಚ್ಚಿಸುವ ಆದೇಶ ಬಂತು. ಈ ಪ್ರಕರಣ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊಟ್ಟವರಲ್ಲಿ ತಮ್ಮ ಮನೆಯಲ್ಲೇ ಆ ಕಾಯಿಲೆ ಕಂಡವರು ಎಷ್ಟು ಮಂದಿ ಇದ್ದಿರಬೇಕು!

ಈಗ ನೀವು ಕಳಿಸಿದ ಮೂರು ಮನವಿಗಳಿಗೆ ಬರುತ್ತೇನೆ. ಮೊದಲನೆಯದರಲ್ಲಿ ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ‘ಇಂದು ರಾತ್ರಿ 12 ಗಂಟೆಯೊಳಗೆ’ ಎಂದಿದೆ. ವಿಳಾಸವಿಲ್ಲ, ಟ್ರಸ್ಟಿಗಳ ಹೆಸರಿಲ್ಲ, ಖಾತೆ ಒಬ್ಬ ವ್ಯಕ್ತಿಯದು. ಇದನ್ನು ಹರಿದು ಹಾಕಿ. ಎರಡನೆಯದರ ಹೆಸರನ್ನು ನಿಧಾನವಾಗಿ ಮತ್ತೊಮ್ಮೆ ಓದಿ. ನೀವು ಅಂದುಕೊಂಡ ಪ್ರಸಿದ್ಧ ಸಂಸ್ಥೆ ಅದಲ್ಲ. ಆ ಹೆಸರಿನ ಪದಗಳನ್ನೇ ಹಿಂದುಮುಂದು ಮಾಡಿ ಇನ್ನೊಂದು ಪದ ಸೇರಿಸಿದ್ದಾರೆ. ಆ ಪ್ರಸಿದ್ಧ ಸಂಸ್ಥೆಗೇ ಕೊಡುವ ಮನಸ್ಸಿದ್ದರೆ, ಅದರ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಬಂದ ಲಿಂಕ್ ಒತ್ತಬೇಡಿ.

ಮೂರನೆಯದು ಸಾದಾ ಕಾಗದ. ಫೋಟೋ ಕೂಡ ಇಲ್ಲ. ಹೆಸರು, ವಿಳಾಸ, ಫೋನ್, ಕಳೆದ ವರ್ಷ ಎಷ್ಟು ಮನೆಗಳಿಗೆ ಏನು ಕೊಟ್ಟರು ಎಂಬ ನಾಲ್ಕು ಸಾಲು ಇವೆ. ‘ಆಡಳಿತ ವೆಚ್ಚ ನೂರಕ್ಕೆ ಹದಿನೆಂಟಂತೆ, ಇದು ಜಾಸ್ತಿಯಲ್ಲವೇ?’ ಎಂದು ಅದರ ಅಂಚಿನಲ್ಲಿ ಬರೆದಿದ್ದೀರಿ. ಆ ಅಂಕಿಯನ್ನು ಅವರಾಗಿಯೇ ಹೇಳಿದ್ದಾರೆ ಎಂಬುದನ್ನು ಗಮನಿಸಿ. ಲೆಕ್ಕ ಬರೆಯುವವರಿಗೆ, ಸ್ಥಳಕ್ಕೆ ಹೋಗಿ ಪರಿಶೀಲಿಸುವವರಿಗೆ, ಆಡಿಟರಿಗೆ ಸಂಬಳ ಬೇಡವೇ? 2013ರಲ್ಲಿ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಅಮೆರಿಕನ್ ಸಂಸ್ಥೆಗಳ ಮುಖ್ಯಸ್ಥರು ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಸೇವಾ ಸಂಸ್ಥೆಗಳನ್ನು ಅಳೆದು ನೋಡುವುದೇ ಈ ಮೂವರ ಕೆಲಸ. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ಹಿಡಿದು ಸಂಸ್ಥೆಯ ಯೋಗ್ಯತೆ ತೀರ್ಮಾನಿಸಬೇಡಿ ಎಂದು ಅವರೇ ಕೇಳಿಕೊಂಡರು. ನಾನು ಹೇಳಿದ ಆ ಕ್ಯಾನ್ಸರ್ ಸಂಸ್ಥೆಗಳು ವೆಚ್ಚ ಕಡಿಮೆ ಕಾಣುವಂತೆ ಲೆಕ್ಕ ತೋರಿಸಿದ್ದವು ಎಂಬ ಆರೋಪವೂ ಇತ್ತು. ವಿದೇಶಕ್ಕೆ ಕಳಿಸಿದ ಸಾಮಗ್ರಿ ಎಂದು ಪುಸ್ತಕದಲ್ಲಿ ಕೋಟಿಗಟ್ಟಲೆ ಡಾಲರ್ ಬರೆದುಕೊಂಡಿದ್ದವು, ಒಟ್ಟು ಮೊತ್ತ ಹಿಗ್ಗಿದಾಗ ಆಡಳಿತದ ಪಾಲು ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ‘ನಿಮ್ಮ ದುಡ್ಡಿನಲ್ಲಿ ನೂರಕ್ಕೆ ನೂರೂ ಬಡವರಿಗೆ’ ಎನ್ನುವವರ ಬಗ್ಗೆಯೇ ನನಗೆ ಹೆಚ್ಚು ಅನುಮಾನ. ಆಡಳಿತಕ್ಕೆ ಬೇರೆ ಯಾರೋ ಕೊಡುತ್ತಿರಬಹುದು, ಇಲ್ಲವೇ ಲೆಕ್ಕ ಸರಿಯಿಲ್ಲ. ಕೇಳಿ ತಿಳಿದುಕೊಳ್ಳಿ.

ಕೇಳುವುದು, ಇದೊಂದೇ ನನಗೆ ಗೊತ್ತಿರುವ ದಾರಿ. ಹೆಸರು ಕೊಡಲು ನಾನು ಹಿಂಜರಿಯುವುದೂ ಇದಕ್ಕೇ. ಇವತ್ತು ನಾನು ಹೇಳಿದ ಹೆಸರನ್ನು ನೀವು ಐದು ವರ್ಷ ಕಣ್ಣುಮುಚ್ಚಿ ನಂಬುತ್ತೀರಿ, ಅಷ್ಟರಲ್ಲಿ ಅಲ್ಲಿ ಏನೇನು ಬದಲಾಗಿರುತ್ತದೋ. ಕೊಡುವ ಮೊದಲು ಒಂದು ಫೋನ್ ಮಾಡಿ. ‘ಕಳೆದ ವರ್ಷ ಅಂದುಕೊಂಡಿದ್ದರಲ್ಲಿ ಯಾವುದು ಆಗಲಿಲ್ಲ?’ ಎಂದು ಕೇಳಿ. ‘ಈಗ ನಿಮಗೆ ಬೇಡವಾದದ್ದು ಯಾವುದು?’ ಎಂದೂ ಕೇಳಿ. ಮೋಸ ಮಾಡುವವರಿಗೆ ಎಲ್ಲವೂ ಬೇಕು, ಈಗಲೇ ಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಡಿಸೆಂಬರ್ ಮೂರನೇ ವಾರದಲ್ಲಿ, ನಮ್ಮ ಕಚೇರಿಯವರೆಲ್ಲ ಸೇರಿ ಮಕ್ಕಳ ವಸತಿಗೃಹವೊಂದಕ್ಕೆ ಆಟಿಕೆ ಕೊಂಡೊಯ್ದೆವು. ಮೇಲ್ವಿಚಾರಕಿ ನಮ್ಮನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದರು. ಬಣ್ಣದ ಕಾಗದ ಸುತ್ತಿದ ಡಬ್ಬಿಗಳು ಸೂರಿನವರೆಗೆ ಪೇರಿಸಿದ್ದವು, ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಆಕೆ ಬಹಳ ಸಂಕೋಚದಿಂದ, ‘ಸರ್, ಇವನ್ನು ಬೇರೆ ಎಲ್ಲಿಗಾದರೂ ಕೊಡಿ. ಫೆಬ್ರವರಿಯಲ್ಲಿ ಒಮ್ಮೆ ಬರುತ್ತೀರಾ? ಆಗ ಔಷಧಿ ಅಂಗಡಿಯ ಬಾಕಿ ತೀರಿಸಲು ಒದ್ದಾಡುತ್ತಿರುತ್ತೇವೆ’ ಎಂದರು. ಅವತ್ತು ನನಗೆ ಸ್ವಲ್ಪ ಬೇಸರವೇ ಆಗಿತ್ತು. ಆದರೆ ಫೆಬ್ರವರಿಯಲ್ಲಿ ಹೋದಾಗ ಆಕೆ ಬಾಕಿ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ ತೋರಿಸಿದರು. ಅಷ್ಟು ನಂಬಿಕೆಯಿಂದ ನಾನು ಬೇರೆಲ್ಲೂ ಹಣ ಕೊಟ್ಟಿಲ್ಲ.

ದೊಡ್ಡ ಸಂಸ್ಥೆಗಳೂ ಹೀಗೆ ಬೇಡ ಎಂದದ್ದುಂಟು. 2004ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನವೇ, ಸುನಾಮಿ ಬಂತು. ಜಗತ್ತಿನಾದ್ಯಂತ ಹಣದ ಹೊಳೆ ಹರಿಯಿತು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ವೈದ್ಯಕೀಯ ನೆರವಿನ ಸಂಸ್ಥೆ, ಸುನಾಮಿ ಪರಿಹಾರಕ್ಕೆ ತಾನು ಮಾಡಬಲ್ಲಷ್ಟು ಕೆಲಸಕ್ಕೆ ಹಣ ಸಾಕಷ್ಟು ಬಂದಿದೆ, ಇನ್ನು ಆ ಹೆಸರಿನಲ್ಲಿ ಕಳಿಸಬೇಡಿ ಎಂದು ಪ್ರಕಟಿಸಿತು. ಹೆಚ್ಚಾಗಿ ಬಂದದ್ದನ್ನು ಬೇರೆ ಕಡೆಯ ಸಂಕಟಕ್ಕೆ ಬಳಸಬಹುದೇ ಎಂದು ದಾನಿಗಳ ಒಪ್ಪಿಗೆ ಕೇಳಿತು. ಬಹುತೇಕ ಎಲ್ಲರೂ ಒಪ್ಪಿದರು. ಎಲ್ಲರೂ ಕೊಡುತ್ತಿರುವ ಹೊತ್ತಿನಲ್ಲಿ ಸಾಕು ಎನ್ನುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು!

ಮಕ್ಕಳ ವಸತಿಗೃಹಗಳ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಕ್ರಿಸ್‌ಮಸ್ ಸಮಯದಲ್ಲಿ ಹೆಚ್ಚು ಜನರ ಮನಸ್ಸು ಹೋಗುವುದು ಅನಾಥಾಲಯದ ಕಡೆಗೆ. ಆದರೆ ಜಗತ್ತಿನ ಅನಾಥಾಲಯಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ವರಿಗೆ ತಂದೆ ಅಥವಾ ತಾಯಿ ಒಬ್ಬರಾದರೂ ಇದ್ದಾರೆ ಎಂದು ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರ ವರದಿಯಲ್ಲಿ ಅಂದಾಜಿಸಿತ್ತು. ಆ ಮಕ್ಕಳನ್ನು ಅಲ್ಲಿಗೆ ತಂದದ್ದು ಬಹುಪಾಲು ಬಡತನ. ದಾನ ಹರಿದು ಬಂದಷ್ಟೂ ಹಾಸಿಗೆ ತುಂಬಿಸಲು ಮಕ್ಕಳನ್ನು ಹುಡುಕುವ ಕಡೆಗಳೂ ಇವೆ. ಆದ್ದರಿಂದ ‘ಈ ಮಕ್ಕಳ ಮನೆಯವರು ಎಲ್ಲಿದ್ದಾರೆ? ಅವರನ್ನು ವಾಪಸು ಮನೆ ಸೇರಿಸಲು ಏನು ಮಾಡುತ್ತಿದ್ದೀರಿ?’ ಎಂದು ಕೇಳಲೇಬೇಕು. ಇದಕ್ಕೆ ಸಿಟ್ಟಾಗುವವರಿಗೆ ನಾನಂತೂ ಕೊಡುವುದಿಲ್ಲ.

ಗ್ರೀಟಿಂಗ್ ಕಾರ್ಡ್ ಕೊಂಡರೆ ಅದರಲ್ಲೊಂದು ಪಾಲು ಸೇವೆಗೆ ಹೋಗುತ್ತದಂತೆ ಎಂದೂ ಬರೆದಿದ್ದೀರಿ. ಎಷ್ಟು ಪಾಲು, ಯಾವ ಸಂಸ್ಥೆಗೆ ಎಂದು ಕಾರ್ಡಿನ ಹಿಂದೆ ಅಚ್ಚಾಗಿಲ್ಲದಿದ್ದರೆ, ಕಾರ್ಡು ಚೆನ್ನಾಗಿದ್ದರೆ ಮಾತ್ರ ಕೊಳ್ಳಿ.

ಇನ್ನು ಮೂರನೆಯ ಕಾಗದದವರು. ಅವರ ನೋಂದಣಿ ಸಂಖ್ಯೆಯನ್ನು ನಾನು ಸರ್ಕಾರಿ ಪಟ್ಟಿಯಲ್ಲಿ ನೋಡಿದೆ, ಹೆಸರೂ ವಿಳಾಸವೂ ತಾಳೆಯಾಗುತ್ತವೆ. ಆಡಿಟ್ ಆದ ಲೆಕ್ಕವನ್ನು ಮಾತ್ರ ಅವರು ಎರಡು ವರ್ಷಗಳಿಂದ ಜಾಲತಾಣಕ್ಕೆ ಏರಿಸಿಲ್ಲ. ಚಿಕ್ಕ ಸಂಸ್ಥೆಗಳಲ್ಲಿ ಇದು ಕೈಸಾಲದೆ ಆಗುವುದೂ ಉಂಟು, ಬೇಕೆಂದೇ ಆಗುವುದೂ ಉಂಟು. ಫೋನ್ ಮಾಡಿ ಲೆಕ್ಕ ಕಳಿಸಲು ಹೇಳಿ, ಒಂದು ವಾರ ಕಾಯಿರಿ. ಕಳಿಸಿದರೆ, ಕೊಡಬೇಕೆಂದಿದ್ದರಲ್ಲಿ ಅರ್ಧ ಈಗ ಕೊಟ್ಟು ರಸೀದಿ ಪಡೆಯಿರಿ, ಉಳಿದರ್ಧ ಫೆಬ್ರವರಿಗಿರಲಿ. ಅವರು ಕಳಿಸುವ ಲೆಕ್ಕದ ಒಂದು ಪ್ರತಿ ನನಗೂ ಕಳಿಸಿ, ಇಬ್ಬರೂ ಕೂಡಿ ಓದೋಣ.