ಬಾಲಿಯ ಊರ ದೇವಸ್ಥಾನದಲ್ಲಿ ಒಳಗೆ ಬಿಡದಿದ್ದರೆ

ಹಿಂದೂ ಎಂದು ಹೇಳಿದರೂ ಬಾಲಿಯ ಉಬುದ್ ಊರಿನ ಹತ್ತಿರದ ಸಣ್ಣ ದೇವಸ್ಥಾನದಲ್ಲಿ ಒಳ ಅಂಗಳಕ್ಕೆ ಬಿಡಲಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅದು ಬಹುಶಃ ಬಟ್ಟೆಯ ಕಾರಣಕ್ಕೆ. ‘ಜೆರೋವನ್’ ಎನ್ನುವ ಆ ಅಂಗಳ ಪೂಜೆಗೆ ಬಂದವರದ್ದು. ಪ್ಯಾಂಟು ಹಾಕಿ ಕ್ಯಾಮೆರಾ ಹಿಡಿದವರು ಅವರಿಗೆ ಪ್ರವಾಸಿಗರೇ, ಅಲ್ವಾ?

ಮೊದಲು ಕಾಮೆನ್ ಎಂಬ ಲುಂಗಿಯಂಥ ಬಟ್ಟೆ ಉಟ್ಟು ಸೊಂಟಕ್ಕೆ ಸೆಲೆಂಡಾಂಗ್ ಎಂಬ ಪಟ್ಟಿ ಕಟ್ಟಿಕೊಳ್ಳಿ. ಕಾಮೆನ್ ಬದಲು ನಮ್ಮ ಪಂಚೆ ನಡೆಯಬಹುದು, ಸೊಂಟಪಟ್ಟಿ ಮಾತ್ರ ಬಿಡಬೇಡಿ. ಸಂತೆಯಲ್ಲಿ ಚಾನಾಂಗ್ ಸಾರಿ ಸಿಗುತ್ತದೆ: ತೆಂಗಿನ ಎಳೆಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು. ಜೊತೆಗೆ ಊದುಬತ್ತಿಯನ್ನೂ ತೆಗೆದುಕೊಳ್ಳಿ. ಸುಮ್ನೆ ಒಳಗೆ ನುಗ್ಗದೆ ಅರ್ಚಕರನ್ನು, ಅಂದರೆ ಪೆಮಾಂಗ್ಕುವನ್ನು ಕೇಳಿ. ‘ಸೆಂಬಾಹ್ಯಾಂಗ್’ ಎಂದು ಹೇಳಿದರೆ ನೀವು ಪ್ರಾರ್ಥನೆಗೆ ಬಂದಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ.

ಕೆಳಗೆ ಕೂತು ಮೊದಲು ಬರಿಗೈ ಮುಗಿಯುತ್ತಾರೆ, ನಂತರ ಬೆರಳ ತುದಿಯಲ್ಲಿ ಹೂವು ಹಿಡಿದು. ಕೊನೆಗೆ ತೀರ್ಥ ಚಿಮುಕಿಸಿ, ಕುಡಿಯಲೂ ಕೊಡುತ್ತಾರೆ. ನೆನೆದ ಅಕ್ಕಿಯನ್ನು ಹಣೆಗೆ ಒತ್ತಿಕೊಳ್ಳಬೇಕು. ಪಕ್ಕದವರನ್ನು ನೋಡಿ ಮಾಡಿದರೆ ಸಾಕು.

ಸೂತಕವಿದ್ದರೆ ಅಥವಾ ಮುಟ್ಟಾಗಿದ್ದರೆ ಬಾಲಿಯವರೂ ಒಳಗೆ ಹೋಗುವುದಿಲ್ಲ, ನೀವೂ ಪಾಲಿಸಿ.

ಸಣ್ಣ ಗುಡಿಗಳಿಗೆ ಬೀಗವೇ ಜಾಸ್ತಿ. ಓಡಾಲನ್ ಎಂಬ ಜಾತ್ರೆ ಹೆಚ್ಚಿನ ಕಡೆ 210 ದಿನಕ್ಕೊಮ್ಮೆ ಬರುತ್ತದೆ, ಕೆಲವು ಕಡೆ ಲೆಕ್ಕ ಬೇರೆ. ಹತ್ತಿರದ ಗುಡಿಯಲ್ಲಿ ಅದು ಯಾವಾಗ ಎಂದು ಉಳಿದುಕೊಂಡ ಮನೆಯವರನ್ನು ಇವತ್ತೇ ವಿಚಾರಿಸಿ, ಅವರ ಜೊತೆಗೇ ಹೋಗಿ.